ಒಂದೇ ಕೈಯಲ್ಲಿ ತೊಡುವ ಅಂಗಿ

ಬೀದಿಯವರ ಬಾಯಲ್ಲಿ ಅವಳು ಗೀಚಕ್ಕ. ಆ ಹೆಸರಿಟ್ಟವನು ಎದುರಂಗಡಿಯ ಬೀಗ ರಿಪೇರಿಯವನು. ಹೊಲಿಗೆ ಅಂಗಡಿಯ ಮನೆಗೆ ಸೊಸೆಯಾಗಿ ಬಂದ ಹೊಸದರಲ್ಲಿ, ಗಿರಾಕಿಗಳಿಲ್ಲದ ಹೊತ್ತಿನಲ್ಲಿ ಅವಳು ಬಾಗಿಲ ಪಕ್ಕದ ಮೋಟು ಸ್ಟೂಲಿನ ಮೇಲೆ ಕುಳಿತು ಹೋಗುವವರ ಬರುವವರ ತೋಳು, ಕಾಲರು, ಬೆನ್ನಿನ ಸುಕ್ಕು ಎಲ್ಲವನ್ನೂ ಪುಸ್ತಕದಲ್ಲಿ ಚಿತ್ರ ಬರೆದುಕೊಳ್ಳುತ್ತಿದ್ದಳು. ಒಂದು ದಿನ ಬೀಗದವನ ಬಾಗಿದ ಬೆನ್ನನ್ನೂ ಬಿಡಲಿಲ್ಲ.

"ಏನ್ ತಾಯಿ, ನನ್ ಬೆನ್ನನ್ನೂ ಗೀಚಿಬಿಟ್ಯಾ?" ಎಂದು ಅವನು ಕೇಳಿದ.

"ನಿಮ್ಮಂಗಿ ಬೆನ್ನಲ್ಲಿ ಎಳೀತಿದೆ ಅಣ್ಣ. ಎರಡು ಬೆರಳು ಬಟ್ಟೆ ಜಾಸ್ತಿ ಬಿಟ್ಟಿದ್ರೆ ಬಗ್ಗೋಕೆ ಸಲೀಸಾಗಿರೋದು. ನೋಡಿ, ಇಲ್ಲಿ."

ಅವನು ನೋಡಿದ. ತನ್ನ ಬೆನ್ನನ್ನು ತಾನು ಕಂಡದ್ದು ಅದೇ ಮೊದಲು. ಅವನಿಗೆ ಚಿತ್ರ ಹಿಡಿಸಿತು, ಇವಳಿಗೆ ಹೆಸರು ಅಂಟಿತು.

ಅತ್ತೆಗೆ ಮಾತ್ರ ಎರಡೂ ಹಿಡಿಸಲಿಲ್ಲ. ಅಂಗಡಿ ಅತ್ತೆಯದು. ಗಂಡ ತೀರಿಕೊಂಡ ಮೇಲೆ ಒಂದು ಹೊಲಿಗೆ ಯಂತ್ರ, ಒಂದು ಕತ್ತರಿ ಇಟ್ಟುಕೊಂಡು ಮಗನನ್ನು ಸಾಕಿ, ಬಾಡಿಗೆಗೆ ಹಿಡಿದ ಆ ಉದ್ದನೆಯ ಕೋಣೆಯನ್ನು ಬೀದಿಗೇ ಹೆಸರಾದ ಅಂಗಡಿ ಮಾಡಿದ ಹೆಂಗಸು. ಗಿರಾಕಿಯನ್ನು ಒಮ್ಮೆ ಅಡಿಯಿಂದ ಮುಡಿಯವರೆಗೆ ನೋಡಿ, ಬಟ್ಟೆಯ ಮೇಲೆ ಸೀಮೆಸುಣ್ಣದಲ್ಲಿ ನಾಲ್ಕು ಗೆರೆ ಎಳೆದು, ಕತ್ತರಿ ಹಾಕಿದರೆ ಮುಗಿಯಿತು. ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ. ಅಂಥವಳ ಕಣ್ಣೆದುರಿಗೆ ಸೊಸೆ ಒಂದು ತೋಳು ಕತ್ತರಿಸುವ ಮೊದಲು ಹೆಬ್ಬೆರಳ ಗಾತ್ರದ ನಾಲ್ಕು ತೋಳು ಬರೆದು, ಎರಡಕ್ಕೆ ಕಾಟು ಹಾಕಿ, ಮತ್ತೊಂದು ಬರೆದು, ಪೆನ್ಸಿಲ್ ಕಚ್ಚುತ್ತ ಕೂತರೆ ಮೈ ಉರಿಯದೆ ಇದ್ದೀತೆ?

"ಅಲ್ಲ ಕಣೇ, ಬಟ್ಟೆ ಇರೋದು ಕತ್ತರಿಸೋಕೆ. ಕಾಗದದ ಮೇಲೆ ಅಂಗಿ ಬರೆದ್ರೆ ಅದನ್ನ ಕಾಗೆ ತೊಟ್ಕೊಳ್ಳುತ್ತಾ?"

"ಕಾಗದದ ಮೇಲೆ ತಪ್ಪು ಮಾಡಿದ್ರೆ ರಬ್ಬರಲ್ಲಿ ಅಳಿಸ್ತೀನಿ ಅತ್ತೆ. ಬಟ್ಟೆ ಮೇಲೆ ಮಾಡಿದ್ರೆ ನಿಮ್ ಹತ್ರ ಬೈಸ್ಕೋಬೇಕಲ್ಲ."

"ಈಗೇನು ಬೈಸ್ಕೊಳ್ತಾ ಇಲ್ವಾ?"

ಇಂಥ ಮಾತಿಗೆ ಕೋಣೆಯ ಮೂಲೆಯಲ್ಲಿ ಊಟದ ಡಬ್ಬಿ ಬಿಚ್ಚುತ್ತಿದ್ದ ಗಂಡ ಮುಸಿಮುಸಿ ನಗುತ್ತಿದ್ದ. ಅವನು ಛಾಪಖಾನೆಯೊಂದರಲ್ಲಿ ಬೈಂಡಿಂಗ್ ಕೆಲಸದವನು. ಹತ್ತು ಮಾತಿಗೆ ಒಂದು ಹೂಂ ಅನ್ನುವ ಮನುಷ್ಯ. ಮದುವೆಯಾದ ಹೊಸದರಲ್ಲಿ, ಹೆಂಡತಿ ಅಂಗಡಿಯವರು ಸಾಮಾನು ಕಟ್ಟಿಕೊಟ್ಟ ಕಾಗದದ ಹಿಂಬದಿಯಲ್ಲಿ ಏನೋ ಬರೆಯುತ್ತಿದ್ದುದನ್ನು ಕಂಡು ಅವನು ಬಾಯಿ ಬಿಟ್ಟು ಏನೂ ಕೇಳಿರಲಿಲ್ಲ. ಮಾರನೆಯ ವಾರ ಛಾಪಖಾನೆಯಲ್ಲಿ ಕತ್ತರಿಸಿ ಉಳಿದ ಕಾಗದಗಳನ್ನೆಲ್ಲ ಒಟ್ಟು ಮಾಡಿ, ದಾರ ಹಾಕಿ ಹೊಲಿದು, ಗಟ್ಟಿ ರಟ್ಟು ಹಚ್ಚಿ ತಂದುಕೊಟ್ಟ. ಬಿಳಿ, ತಿಳಿಹಳದಿ, ನಡುವೆ ಒಂದಷ್ಟು ಗುಲಾಬಿ ಹಾಳೆ. ಒಂದು ಮುಗಿಯುವುದರೊಳಗೆ ಇನ್ನೊಂದು ತಯಾರಾಗಿರುತ್ತಿತ್ತು. ಅವನ ಪ್ರೀತಿ ಇದ್ದದ್ದು ಹಾಗೆ, ಮಾತಿನಲ್ಲಲ್ಲ, ಅಂಟಿನಲ್ಲಿ.

ಗೀಚಕ್ಕನಿಗೆ ಚಿತ್ರ ಬರೆಯುವುದು ಶೋಕಿಯಾಗಿರಲಿಲ್ಲ. ಬೇರೆಯವರು ಗಟ್ಟಿಯಾಗಿ ಮಾತಾಡಿಕೊಳ್ಳುತ್ತ ಯೋಚಿಸುತ್ತಾರಲ್ಲ, ಹಾಗೆ ಅವಳು ಬರೆಯುತ್ತ ಯೋಚಿಸುತ್ತಿದ್ದಳು. ಚಂದ ಬರಬೇಕೆಂಬ ಹಟವೂ ಇರಲಿಲ್ಲ. ಅವಳ ಪುಟಗಳಲ್ಲಿ ಮುಖಗಳಿಗೆ ಕಣ್ಣು ಮೂಗು ಇರುತ್ತಿರಲಿಲ್ಲ. ಭುಜ ಮಾತ್ರ ಹೇಗಿದೆಯೋ ಹಾಗೇ ಇರುತ್ತಿತ್ತು. ಒಂದು ಭುಜ ತಗ್ಗಿದ್ದರೆ ಚಿತ್ರದಲ್ಲೂ ತಗ್ಗು. ಪಕ್ಕದಲ್ಲಿ ಬಾಣದ ಗುರುತು, ಪ್ರಶ್ನೆಯ ಗುರುತು, ಕೆಲವೆಡೆ "ಇಲ್ಲಿ ಯಾಕೆ?" ಎಂದು ಎರಡು ಪದ.

ಅತ್ತೆ ಮೆತ್ತಗಾದದ್ದು ಒಂದು ಜಗಳದಿಂದ. ಹಾಡುಗಾರ್ತಿಯೊಬ್ಬಳು ವೇದಿಕೆಗೆಂದು ಮೇಲಂಗಿ ಹೊಲಿಯಲು ಕೊಟ್ಟಿದ್ದಳು. "ತೋಳು ಸ್ವಲ್ಪ ಉಬ್ಬಿರಲಿ" ಎಂದಿದ್ದಳು. ಅತ್ತೆಯ ಸ್ವಲ್ಪವೇ ಬೇರೆ, ಅವಳ ಸ್ವಲ್ಪವೇ ಬೇರೆ. ತೊಟ್ಟು ನೋಡಿದವಳು ಕನ್ನಡಿಯ ಮುಂದೆ ಕೆಂಡವಾದಳು.

"ಸ್ವಲ್ಪ ಅಂದಿದ್ದೆ! ಎರಡು ಕಡೆ ಎರಡು ಕುಂಬಳಕಾಯಿ ಕೂರಿಸಿದೀರಲ್ಲ!"

"ಉಬ್ಬಿರಲಿ ಅಂದ್ರೆ ಉಬ್ಬೇ ಇರುತ್ತೆ. ಕುಣಿಯೋಕೆ ಬಾರದವಳು ನೆಲ ಡೊಂಕು ಅಂದ್ಳಂತೆ."

"ನಾನು ಕುಣಿಯೋಳಲ್ಲ, ಹಾಡೋಳು!"

ಎತ್ತು ಏರಿಗೆ, ಕೋಣ ನೀರಿಗೆ. ಮಾತು ಬೆಳೆಯುವುದರೊಳಗೆ ಗೀಚಕ್ಕ ಪುಸ್ತಕ ತೆರೆದು ಸಾಲಾಗಿ ಐದು ತೋಳು ಬರೆದಳು. ಮೊದಲನೆಯದು ಬೆಂಕಿಕಡ್ಡಿ, ಕೊನೆಯದು ಬಲೂನು, ನಡುವೆ ಮೂರು ಮೆಟ್ಟಿಲು. ಹಾಡುಗಾರ್ತಿಯ ಮುಂದೆ ಹಿಡಿದಳು. ಅವಳು ಬೈಯುವುದನ್ನು ಅರ್ಧಕ್ಕೆ ನಿಲ್ಲಿಸಿ, ಎರಡನೆಯದಕ್ಕೂ ಮೂರನೆಯದಕ್ಕೂ ನಡುವೆ ಬೆರಳಿಟ್ಟಳು. "ಇದು. ಇದೇ ನಾನು ಹೇಳಿದ್ದು."

"ಇದನ್ನ ಮೊದ್ಲೇ ಹೇಳಬಾರದಿತ್ತಾ?" ಎಂದು ಅತ್ತೆ ಗೊಣಗಿ ಹೊಲಿಗೆ ಬಿಚ್ಚಲು ಕುಳಿತಳು. ಸೊಸೆಗೆ ಭೇಷ್ ಅನ್ನಲಿಲ್ಲ. ಆದರೆ ಕೆಲವು ದಿನ ಕಳೆದ ಮೇಲೆ ಇನ್ನೊಬ್ಬ ಗಿರಾಕಿ ಕೈಯಾಡಿಸುತ್ತ ಏನನ್ನೋ ವಿವರಿಸಲು ಹೆಣಗುತ್ತಿದ್ದಾಗ ಅತ್ತೆಯೇ ಅಂದಳು: "ತಡೀರಿ, ಬಾಯಲ್ಲಿ ಬೇಡ. ನಮ್ ಸೊಸೆ ಬರೆದು ತೋರಿಸ್ತಾಳೆ."

ಅಂದಿನಿಂದ ಕತ್ತರಿಸುವ ಮೇಜಿನ ಒಂದು ತುದಿ ಪುಸ್ತಕಕ್ಕೆ ಮೀಸಲಾಯಿತು.

ಕಂಡಕ್ಟರ್ ಬಂದದ್ದು ಅದಾದ ಕೆಲವು ವರ್ಷಗಳ ಮೇಲೆ. ಬಸ್ಸಿನಲ್ಲಿ ಟಿಕೆಟ್ ಹರಿಯುತ್ತ, ಜನರನ್ನು ಒಳಕ್ಕೆ ತಳ್ಳುತ್ತ, ನಗಿಸುತ್ತ, ಗದರುತ್ತ ಇಡೀ ಆಯುಸ್ಸು ಕಳೆದ ಮನುಷ್ಯ. ಆ ದಾರಿಯಲ್ಲಿ ಓಡಾಡಿದವರಿಗೆಲ್ಲ ಅವರ ಬಾಯಿ ಗೊತ್ತು. ನಿವೃತ್ತಿಯಾದ ಮೇಲೆ ಒಂದು ಬೆಳಿಗ್ಗೆ ಹಲ್ಲುಜ್ಜುತ್ತಿದ್ದಾಗ ಪಾರ್ಶ್ವವಾಯು ಬಡಿಯಿತು. ಬಲಗೈ ಸತ್ತ ಹಾವಿನ ಹಾಗೆ ಜೋತುಬಿತ್ತು. ಕಾಲು ಹೇಗೋ ಚೇತರಿಸಿತು. ಮಾತು ಮಾತ್ರ ಹೋದದ್ದು ಹೋಯಿತು. ಒಂದೇ ಒಂದು ಪದ ಉಳಿಯಿತು. ಸಾವಿರ ಸಲ, ಲಕ್ಷ ಸಲ ಕೂಗಿ ನಾಲಿಗೆಗೆ ಅಂಟಿಕೊಂಡಿದ್ದ "ರೈಟ್."

ನೀರು ಬೇಕಾದರೂ ರೈಟ್. ಬೇಡವಾದರೂ ರೈಟ್. ಸಿಟ್ಟು ಬಂದರೆ ಜೋರಾಗಿ ರೈಟ್. ತಲೆಯೊಳಗೆ ಎಲ್ಲವೂ ಮೊದಲಿನಂತೆಯೇ ಇತ್ತು, ಹೊರಗೆ ಬರುವ ಬಾಗಿಲು ಮಾತ್ರ ಕಿರಿದಾಗಿತ್ತು.

ಅವರನ್ನು ಕರೆತಂದದ್ದು ಅವರ ಹೆಂಡತಿ. ಗಟ್ಟಿ ಜೀವದ, ದೊಡ್ಡ ದನಿಯ ಹೆಂಗಸು. ಗಂಡನ ಮಾತನ್ನೂ ಈಗ ತಾನೇ ಆಡಬೇಕಾಗಿದ್ದರಿಂದ ದುಪ್ಪಟ್ಟು ಮಾತಾಡುತ್ತಿದ್ದಳು.

"ನೋಡಮ್ಮ, ಇವರಿಗೆ ಬಟ್ಟೆ ಹಾಕೋದೇ ದಿನಾ ಒಂದು ಯುದ್ಧ. ನಾನು ತೋಳು ಹಿಡೀತೀನಿ, ಇವರು ಕಿತ್ಕೋತಾರೆ. ಆಸ್ಪತ್ರೇಲಿ ಕೊಡ್ತಾರಲ್ಲ, ಹಿಂದುಗಡೆ ದಾರ ಕಟ್ಟೋದು, ಅಂಥದ್ದು ನಾಲ್ಕು ಹೊಲಿದುಕೊಡು. ಸಡಿಲವಾಗಿರಲಿ. ಅಲ್ವೇನ್ರೀ, ಸಡಿಲ ಬೇಕು ತಾನೇ?"

"ರೈಟ್" ಎಂದರು ಕಂಡಕ್ಟರ್.

"ಒಪ್ಪಿದ್ರು ನೋಡು."

ಗೀಚಕ್ಕ ಅವರ ಮುಖ ನೋಡಿದಳು. ಒಪ್ಪಿದ ಮುಖ ಅದಾಗಿರಲಿಲ್ಲ. ಕೆನ್ನೆಯ ಸ್ನಾಯು ಕುಣಿಯುತ್ತಿತ್ತು. ಅವಳು ಪುಸ್ತಕ ತೆರೆದು ಎರಡು ಚಿತ್ರ ಬರೆದಳು. ಒಂದು, ಹೆಂಡತಿ ಹೇಳಿದ ಆಸ್ಪತ್ರೆಯ ನಿಲುವಂಗಿ. ಇನ್ನೊಂದು, ಕಾಲರು, ಗುಂಡಿ ಎಲ್ಲ ಇರುವ ಸಾಧಾರಣ ಅಂಗಿ. ಪುಸ್ತಕವನ್ನು ಅವರ ಕಡೆ ತಿರುಗಿಸಿ, ಪೆನ್ಸಿಲನ್ನು ಅವರ ಎಡಗೈ ಪಕ್ಕ ಇಟ್ಟಳು.

ಕಂಡಕ್ಟರ್ ಪೆನ್ಸಿಲನ್ನು ಚಾಕು ಹಿಡಿದ ಹಾಗೆ ಹಿಡಿದರು. ಮೊದಲು ನಿಲುವಂಗಿಯ ಮೇಲೆ, ಹಾಳೆ ಹರಿಯುವಷ್ಟು ಬಲವಾಗಿ, ಒಂದು ಕಾಟು. ಆಮೇಲೆ ಕಾಲರಿನ ಅಂಗಿಯ ಸುತ್ತ ಮೊಟ್ಟೆಯಂಥ ಒಂದು ಸುತ್ತು. ಅಷ್ಟಕ್ಕೇ ನಿಲ್ಲಿಸಲಿಲ್ಲ. ಅಂಗಿಯ ಪಕ್ಕದಲ್ಲಿ ಒಬ್ಬ ಕಡ್ಡಿ ಮನುಷ್ಯನನ್ನು ಬರೆದರು. ಅವನ ಪಕ್ಕ ಇನ್ನೊಂದು ಕಡ್ಡಿಗೊಂಬೆ, ತಲೆಯ ಮೇಲೆ ಗಂಟು. ಆ ಗಂಟಿನ ಗೊಂಬೆಗೂ ಒಂದು ಕಾಟು ಹೊಡೆದರು.

ಹೆಂಡತಿ ಇಣುಕಿ ನೋಡಿ ಎದೆಯ ಮೇಲೆ ಕೈಯಿಟ್ಟುಕೊಂಡಳು. "ಅಯ್ಯೋ! ನನ್ನನ್ನೇ ಹೊಡೆದುಹಾಕಿಬಿಟ್ರಾ?"

"ಇಲ್ಲಮ್ಮ," ಎಂದಳು ಗೀಚಕ್ಕ, "ನಿಮ್ಮನ್ನಲ್ಲ. ಅಂಗಿ ಹಾಕ್ಕೊಳ್ಳುವಾಗ ಪಕ್ಕದಲ್ಲಿ ಯಾರೂ ಬೇಡ ಅಂತಿದಾರೆ. ತಾವೇ ಹಾಕ್ಕೋಬೇಕಂತೆ. ಅಲ್ವಾ ಅಣ್ಣ?"

ಕಂಡಕ್ಟರ್ ಈ ಸಲ ರೈಟ್ ಎಂದೂ ಹೇಳಲಿಲ್ಲ. ಎಡಗೈಯಿಂದ ಮೇಜನ್ನು ಮೆಲ್ಲಗೆ ತಟ್ಟಿದರು. ಕಣ್ಣು ತುಂಬಿತ್ತು. ಹೆಂಡತಿ ಆ ಗಂಟಿನ ಗೊಂಬೆಯನ್ನು ಮತ್ತೆ ಬಗ್ಗಿ ನೋಡಿದಳು. ಇಷ್ಟು ತಿಂಗಳು ಗಂಡ ತನ್ನ ಮೇಲೆ ಸಿಟ್ಟಾಗಿದ್ದಾನೆ ಎಂದುಕೊಂಡಿದ್ದಳು. ಸಿಟ್ಟು ಗುಂಡಿಗಳ ಮೇಲೆ ಎಂದು ಅವಳಿಗೆ ಹೇಗೆ ತಿಳಿಯಬೇಕು?

ಆ ಕೆಲಸ ಹಿಡಿದ ಮೇಲೆ ಗೀಚಕ್ಕನಿಗೆ ಅನ್ನ ನೀರಿನ ಪರಿವೆ ಇಲ್ಲದಂತಾಯಿತು. ಅಂಗಿಯೊಂದನ್ನು ಒಂದೇ ಕೈಯಲ್ಲಿ ತೊಡುವುದು ಹೇಗೆ? ಬಲಗೈಯನ್ನು ಬಟ್ಟೆಪಟ್ಟಿಯಿಂದ ಸೊಂಟಕ್ಕೆ ಬಿಗಿದುಕೊಂಡು ತಾನೇ ಗಂಡನ ಅಂಗಿ ತೊಡಲು ನೋಡಿದಳು. ಸತ್ತ ಕೈಯನ್ನು ತೋಳಿನೊಳಕ್ಕೆ ತೂರಿಸುವಾಗ ಮೊಣಕೈ ಹತ್ತಿರ ಸಿಕ್ಕಿಕೊಂಡಿತು. ಬರೆದುಕೊಂಡಳು. ತೋಳುಪಟ್ಟಿಯ ಗುಂಡಿ ಹಾಕಲಾಗಲಿಲ್ಲ. ಬರೆದುಕೊಂಡಳು. ಬೆನ್ನ ಹಿಂದಿನಿಂದ ಅಂಗಿಯನ್ನು ಎಳೆದುಕೊಳ್ಳಲು ಹೋಗಿ ಮುಗ್ಗರಿಸಿ, ಬಟ್ಟೆಯ ಥಾನುಗಳ ಮೇಲೆ ಬಿದ್ದಳು. ಅದನ್ನೂ ಬರೆದುಕೊಂಡಳು, ಬಿದ್ದವಳ ಎರಡು ಕಾಲು ಮೇಲಕ್ಕೆ.

"ಮದುವೆಯಾದಾಗ ಚೆನ್ನಾಗಿದ್ಲು" ಎಂದು ಅತ್ತೆ ಮಗನಿಗೆ ಹೇಳಿದಳು.

"ಹೂಂ" ಎಂದ ಮಗ.

ಚಿತ್ರ ಬರೆಯುತ್ತ ಬರೆಯುತ್ತ ಒಂದೊಂದೇ ಗಂಟು ಸಡಿಲವಾಯಿತು. ಬಲತೋಳಿನ ಕಂಕುಳಲ್ಲಿ ಒಂದು ಚೌಕ ತುಂಡು ಕೂಡಿಸಿದರೆ ಕೈ ಸರಾಗವಾಗಿ ಜಾರುತ್ತದೆ. ತೋಳುಪಟ್ಟಿಯ ಗುಂಡಿಯನ್ನು ಎಲಾಸ್ಟಿಕ್ ದಾರದಲ್ಲಿ ಹಾಕಿಬಿಟ್ಟರೆ ಬಿಚ್ಚುವ ಗೋಜೇ ಇಲ್ಲ, ಅದೇ ಹಿಗ್ಗಿ ಕೈಯನ್ನು ಹೊರಬಿಡುತ್ತದೆ. ಉಳಿದದ್ದು ಎದೆಯ ಗುಂಡಿಸಾಲು. ಅಲ್ಲೇ ಬಂಡಿ ಹೂತುಕೊಂಡಿತು.

ಕೈಚೀಲಗಳ ಬಾಯಿಗೆ ಹಾಕುವ ಅಯಸ್ಕಾಂತದ ಗುಂಡಿಗಳು ಅವಳಿಗೆ ಆಗ ನೆನಪಾದವು. ಹತ್ತಿರ ತಂದರೆ ಸಾಕು, ಟಪ್ಪೆಂದು ಒಂದನ್ನೊಂದು ಹಿಡಿದುಕೊಳ್ಳುತ್ತವೆ. ಕೈಚೀಲದ ಅಂಗಡಿಯಿಂದ ಒಂದಷ್ಟು ತಂದಳು. ಒಳಗೆ ಅಯಸ್ಕಾಂತ, ಹೊರಗೆ ನೋಡಲು ಗುಂಡಿ. ಇಷ್ಟು ಸುಲಭವಾದದ್ದು ಇಷ್ಟು ದಿನ ಹೊಳೆಯಲಿಲ್ಲವಲ್ಲ ಎಂದು ತನ್ನ ಬೆನ್ನನ್ನು ತಾನೇ ತಟ್ಟಿಕೊಂಡಳು. ಅಂಗಿಯ ಚಿತ್ರ ಬರೆದು ಕಂಡಕ್ಟರನ್ನೂ ಅವರ ಹೆಂಡತಿಯನ್ನೂ ಕರೆಸಿದಳು.

ಮೇಜಿನ ಮೇಲೆ ಎರಡು ಗುಂಡಿ ಇಟ್ಟು ಹತ್ತಿರ ಸರಿಸಿದಳು. ಟಪ್! ಕಂಡಕ್ಟರ್ ಕುರ್ಚಿಯನ್ನು ಹಿಂದಕ್ಕೆ ಸರಿಸಿದರು.

"ರೈಟ್! ರೈಟ್, ರೈಟ್!"

"ನೋಡು, ಎಷ್ಟು ಹಿಡಿಸಿಬಿಡ್ತು!" ಎಂದು ಹೆಂಡತಿ ಚಪ್ಪಾಳೆ ತಟ್ಟಿದಳು.

ಗೀಚಕ್ಕ ಪುಸ್ತಕವನ್ನು ಅವರ ಮುಂದೆ ತಳ್ಳಿದಳು. ಅವರು ಅವಸರದಲ್ಲಿ ಪೆನ್ಸಿಲ್ ಹಿಡಿದು, ಚಿತ್ರದಲ್ಲಿದ್ದ ಅಂಗಿಯ ಎಡ ಎದೆಯ ಮೇಲೆ ಒಂದು ಪುಟ್ಟ ಚೌಕ ಬರೆದರು.

"ಜೇಬಾ ಅಣ್ಣ? ಜೇಬು ಇಡ್ತೀನಿ, ಅದಕ್ಕೇನಂತೆ."

ಕಂಡಕ್ಟರ್ ಮೇಜು ಗುದ್ದಿದರು. ಆ ಚೌಕದ ಮೇಲೇ ಮತ್ತೆ ಮತ್ತೆ ಗೆರೆ ಎಳೆದರು. ಚೌಕದಿಂದ ಒಂದು ಬಾಲದಂಥ ಗೆರೆ ಹೊರಟಿತು. ಗೆರೆಯ ತುದಿಯಲ್ಲಿ ಸೊಟ್ಟ ಮಾವಿನಕಾಯಿಯಂಥದ್ದೊಂದು ಬಂತು. ಬರೆದು, ತಮ್ಮ ಎದೆ ಮುಟ್ಟಿಕೊಂಡರು. ಬೆರಳಿನಿಂದ ಮೇಜಿನ ಮೇಲೆ ಲಬ್ ಡಬ್, ಲಬ್ ಡಬ್ ಎಂದು ತಟ್ಟಿದರು. ಆಮೇಲೆ ಅಯಸ್ಕಾಂತದ ಗುಂಡಿಗಳನ್ನು ತೋರಿಸಿ, ಮಾವಿನಕಾಯಿಯ ಮೇಲೆ ದೊಡ್ಡದೊಂದು ಕಾಟು ಹೊಡೆದರು.

ಹೆಂಡತಿ ಹಣೆ ಚಚ್ಚಿಕೊಂಡಳು.

"ಅಯ್ಯೋ ನನ್ ಬುದ್ಧಿಗಿಷ್ಟು! ಎದೇಲಿ ಯಂತ್ರ ಇದೆಯಮ್ಮ ಇವರಿಗೆ. ಹೃದಯ ನಿಧಾನ ಆಗುತ್ತೆ ಅಂತ ಸುಮಾರು ವರ್ಷದ ಹಿಂದೆ ಚರ್ಮದ ಕೆಳಗೆ ಇಟ್ಟಿದ್ರು. ಅಯಸ್ಕಾಂತ ಹತ್ರ ತರಬೇಡಿ ಅಂತ ಡಾಕ್ಟರು ಅವತ್ತೇ ಹೇಳಿದ್ರು. ಪಾರ್ಶ್ವವಾಯು ಗಲಾಟೆಯಲ್ಲಿ ನಾನು ಅದನ್ನ ಮರೆತೇಬಿಟ್ಟಿದ್ದೆ."

ಬಾಯಿಮಾತನ್ನೇ ನಂಬಿಕೊಂಡಿದ್ದರೆ ಈ ಮನುಷ್ಯನ ಎದೆಗೆ ತಾನೇ ಏನನ್ನು ಹೊಲಿದುಬಿಡುತ್ತಿದ್ದೆ ಎಂದು ಗೀಚಕ್ಕ ನೆನೆದಳು. ಗುಂಡಿಗಳನ್ನು ಬಾಚಿಕೊಂಡು ಹೋಗಿ ದೂರದ ಗೂಡಿನೊಳಗೆ ಹಾಕಿ ಬಂದಳು. ಬಂದು ಆ ಸೊಟ್ಟ ಮಾವಿನಕಾಯಿಯನ್ನು ಇನ್ನೊಮ್ಮೆ ನೋಡಿದಳು.

"ಅಣ್ಣ, ನಿಮ್ ಚಿತ್ರ ನನ್ ಚಿತ್ರಕ್ಕಿಂತ ಚೆನ್ನಾಗಿದೆ" ಎಂದಳು. ಕಂಡಕ್ಟರ್ ಆ ಅಂಗಡಿಗೆ ಕಾಲಿಟ್ಟ ಮೇಲೆ ಮೊದಲ ಸಲ ನಕ್ಕರು. ಬಾಯಿಯ ಒಂದು ಬದಿ ಮಾತ್ರ ನಕ್ಕಿತು. ಅಷ್ಟೇ ಸಾಕಾಗಿತ್ತು.

ಅಯಸ್ಕಾಂತ ಹೋಯಿತು. ಚರ್ರೆಂದು ಕಿತ್ತು ಅಂಟಿಸುವ ಪಟ್ಟಿ ಬರೆದು ತೋರಿಸಿದರೆ ಕಂಡಕ್ಟರ್ ಮೂಗು ಮುರಿದರು. ಕಾಲಿನ ಚಪ್ಪಲಿಯನ್ನು ಬೊಟ್ಟು ಮಾಡಿ ತೋರಿಸಿದರು. ಚಪ್ಪಲಿಗೆ ಹಾಕುವುದನ್ನು ಎದೆಗೆ ಹಾಕಬೇಡ ಎಂದು ಅರ್ಥ. ಕೊನೆಗೆ ಉಳಿದದ್ದು ಜಿಪ್. ಹೊರಗಡೆ ಗುಂಡಿಗಳು ಸುಮ್ಮನೆ ಶೋಭೆಗೆ. ಒಳಪಟ್ಟಿಯಲ್ಲಿ ಅಡಗಿದ ಜಿಪ್, ಅದರ ತುದಿಗೆ ಬೆರಳು ತೂರುವಂಥ ಉಂಗುರ. ಕೆಳಗಡೆ ಜಿಪ್ ಬಿಚ್ಚಿಕೊಳ್ಳದ ಹಾಗೆ ಹೊಲಿದುಬಿಟ್ಟರೆ ಜೋಡಿಸುವ ಕಷ್ಟವೂ ಇಲ್ಲ. ಅಂಗಿಯನ್ನು ತಲೆಯ ಮೇಲಿಂದ ಇಳಿಸಿಕೊಂಡು ಉಂಗುರ ಎಳೆದರೆ ಮುಗಿಯಿತು.

ತೊಡುವ ಕ್ರಮವನ್ನೆಲ್ಲ ಅವಳು ಪುಟ್ಟ ಪುಟ್ಟ ಚೌಕಗಳಲ್ಲಿ ಬರೆದಳು. ಮೊದಲ ಚೌಕದಲ್ಲಿ ಮಂಚದ ಮೇಲೆ ಕುಳಿತ ಮನುಷ್ಯ, ತೊಡೆಯ ಮೇಲೆ ಅಂಗಿ. ಮುಂದಿನದರಲ್ಲಿ ಬಲಗೈ ಒಳಕ್ಕೆ. ಆಮೇಲೆ ಎಡಗೈ, ತಲೆ. ಕೊನೆಯದರಲ್ಲಿ ಜಿಪ್ ಮೇಲಕ್ಕೆ. ಸಿನಿಮಾದ ಹಾಗೆ ಸರಸರ ಓಡಿತು. ಗೆದ್ದೆನೆಂದುಕೊಂಡು ಬಟ್ಟೆ ಹರಡಿದಳು.

ಅತ್ತೆ ಕತ್ತರಿ ಹಿಡಿದು ಬಂದವಳು ಪುಸ್ತಕದ ಮೇಲೆ ಕಣ್ಣಾಡಿಸಿದಳು. ಕನ್ನಡಕ ಸರಿಮಾಡಿಕೊಂಡು ಮತ್ತೆ ನೋಡಿದಳು.

"ಇವನಿಗೆ ಎಷ್ಟು ಕೈ ಕಣೇ?"

"ಒಂದೇ ಅತ್ತೆ. ಇನ್ನೊಂದು ಕೆಲಸ ಮಾಡಲ್ಲ."

"ಹಾಗಾದ್ರೆ ಈ ಕೊನೇ ಚಿತ್ರದಲ್ಲಿ ಒಂದು ಕೈ ಉಂಗುರ ಎಳೀತಿದೆ. ಅಂಗಿಯ ಕೆಳತುದಿ ಹಿಡ್ಕೊಂಡಿರೋದು ಯಾರ ಕೈ? ನಿನ್ನದಾ?"

ಗೀಚಕ್ಕ ನೋಡಿದಳು. ಹೌದು! ಜಿಪ್ ಮೇಲಕ್ಕೆಳೆಯುವಾಗ ಕೆಳತುದಿಯನ್ನು ಬಿಗಿಯಾಗಿ ಹಿಡಿಯದಿದ್ದರೆ ಅಂಗಿಯೇ ಮೇಲಕ್ಕೆ ಬರುತ್ತದೆ. ಅದು ಅವಳ ಬೆರಳಿಗೆ ಗೊತ್ತಿತ್ತು, ಹಾಗಾಗಿ ತನಗೇ ತಿಳಿಯದೆ ಅಲ್ಲೊಂದು ಕೈ ಬರೆದುಬಿಟ್ಟಿದ್ದಳು. ತಲೆಗೆ ಮಾತ್ರ ಗೊತ್ತಾಗಿರಲಿಲ್ಲ. ಅವಳು ನಾಚಿಕೆಯಿಂದಲೂ ಸಂತೋಷದಿಂದಲೂ ಜೋರಾಗಿ ನಕ್ಕಳು. ನಕ್ಕದ್ದು ಆ ಕೈಗಲ್ಲ. ಚಿತ್ರ ಬರೆದರೆ ಕಾಗೆ ತೊಟ್ಟುಕೊಳ್ಳುತ್ತದೆಯೇ ಎಂದಿದ್ದ ಅತ್ತೆ ಇಂದು ಚಿತ್ರವನ್ನು ಅಷ್ಟು ಚೆನ್ನಾಗಿ ಓದಿದ್ದಳು.

"ಈಗೇನು ಮಾಡೋದು ಅತ್ತೆ?"

"ಮಾಡೋದೇನು? ಹಿಡ್ಕೊಳ್ಳೋಕೆ ಕೈ ಇಲ್ಲ ಅಂದ್ರೆ ಗೂಟಕ್ಕೆ ಕಟ್ಟು. ಪ್ಯಾಂಟಿನ ಸೊಂಟದಲ್ಲಿ ಗುಂಡಿ ಇರುತ್ತಲ್ಲ. ಅಂಗಿ ಕೆಳತುದಿಯ ಒಳಗಡೆ ಒಂದು ದಾರದ ಕುಣಿಕೆ ಹಾಕು. ಕುಣಿಕೇನ ಆ ಗುಂಡಿಗೆ ಸಿಕ್ಕಿಸಿ ಜಿಪ್ ಎಳೆದ್ರೆ ಎಲ್ಲಿಗೆ ಹೋಗುತ್ತೆ ಅಂಗಿ?" ಎಂದವಳು ಸೊಸೆಯ ಕೈಯಿಂದ ಪೆನ್ಸಿಲ್ ಕಿತ್ತುಕೊಂಡು ಆ ಮೂರನೆಯ ಕೈಯನ್ನು ಹೊಡೆದುಹಾಕಿ, ಜಾಗದಲ್ಲಿ ಒಂದು ಕುಣಿಕೆ ಬರೆದಳು. ಕುಣಿಕೆ ಎರೆಹುಳದಂತಿತ್ತು. ಅತ್ತೆ ಅದನ್ನು ದೂರ ಹಿಡಿದು ನೋಡಿ, "ಇರಲಿ, ಗೊತ್ತಾಗುತ್ತೆ" ಎಂದಳು.

ಬಟ್ಟೆ ಕತ್ತರಿಸಿದ್ದು ಅತ್ತೆ, ಹೊಲಿದದ್ದು ಸೊಸೆ. ತಿಳಿನೀಲಿ ಬಟ್ಟೆ, ಗಟ್ಟಿ ಕಾಲರು. ಗೀಚಕ್ಕ ಆ ಚೌಕಗಳನ್ನು ಇನ್ನೊಂದು ಹಾಳೆಯ ಮೇಲೆ ದೊಡ್ಡದಾಗಿ ಬರೆದು, ಗಂಡನ ಕೈಯಲ್ಲಿ ರಟ್ಟಿಗೆ ಅಂಟಿಸಿಕೊಂಡು, ತೊಟ್ಟು ನೋಡುವ ಮೂಲೆಯ ಗೋಡೆಗೆ ತೂಗುಹಾಕಿದಳು. ಕಂಡಕ್ಟರ್ ಅದನ್ನು ಬಸ್ಸಿನ ಬೋರ್ಡು ಓದುವವರ ಹಾಗೆ ಕಣ್ಣು ಕಿರಿದು ಮಾಡಿ ಓದಿದರು. ಅಂಗಿ ಎತ್ತಿಕೊಂಡರು. ಪರದೆ ಎಳೆದುಕೊಂಡರು.

ಹೊರಗೆ ಮೂವರು ಹೆಂಗಸರು. ಒಳಗಿಂದ ಬಟ್ಟೆಯ ಸರಬರ. ಒಂದು ನಿಟ್ಟುಸಿರು. ಏನೋ ಗೋಡೆಗೆ ತಗುಲಿದ ಸದ್ದು. ಹೆಂಡತಿ ಎದ್ದಳು.

"ಕೂತ್ಕೊಳ್ಳಿ" ಎಂದಳು ಅತ್ತೆ.

"ಒಂಚೂರು ತೋಳು ಮಾತ್ರ..."

"ಕೂತ್ಕೊಳ್ಳಿ ಅಂದೆನಲ್ಲ. ಅಂಗಿ ಯಾರದು?"

ಕಾದರು. ಹೆಂಡತಿ ಸೆರಗಿನ ತುದಿಯನ್ನು ಹಿಂಡಿ ಹಿಂಡಿ ಹಗ್ಗ ಮಾಡಿದಳು. ಎದುರಂಗಡಿಯಲ್ಲಿ ಬೀಗದವನ ಅರ ಉಜ್ಜುವ ಸದ್ದು ನಿಂತು ಮತ್ತೆ ಶುರುವಾಯಿತು. ಆಮೇಲೆ, ಪರದೆಯ ಹಿಂದಿನಿಂದ, ಜಿಪ್ ಮೇಲಕ್ಕೆ ಹೋದ ಸದ್ದು. ಕೆಳಗಿಂದ ಕೊರಳವರೆಗೆ, ಎಲ್ಲೂ ತಡೆಯದೆ.

ಪರದೆ ಸರಿಯಿತು. ಕಂಡಕ್ಟರ್ ನಿಂತಿದ್ದರು. ಕಾಲರಿನ ಒಂದು ಬದಿ ಮೇಲೆದ್ದಿತ್ತು. ಸರಿಮಾಡಲು ಹೆಂಡತಿಯ ಕೈ ತಾನಾಗಿಯೇ ಮುಂದೆ ಹೋಯಿತು. ಅವರು ಒಂದು ಬೆರಳೆತ್ತಿ ತಡೆದರು. ಕನ್ನಡಿಯ ಮುಂದೆ ಹೋಗಿ, ಎಡಗೈಯಿಂದ ಕಾಲರನ್ನು ಮಡಚಿ, ತಟ್ಟಿ, ಎದೆ ಸೆಟೆಸಿ ನಿಂತರು. ಆ ಕನ್ನಡಿಯಲ್ಲಿ ಬಹಳ ದಿನಗಳ ಮೇಲೆ ಅವರಿಗೆ ಪರಿಚಯದ ಮನುಷ್ಯನೊಬ್ಬ ಸಿಕ್ಕಿದ್ದ. ಹೆಂಡತಿ ಅಳುತ್ತಿದ್ದಳು. ಅತ್ತೆ ದಾರದ ಉಂಡೆ ಹುಡುಕುವ ನೆಪದಲ್ಲಿ ಆಚೆ ತಿರುಗಿಕೊಂಡಳು. ಗೀಚಕ್ಕ ಮಾತ್ರ ಕಣ್ಣು ಮಿಟುಕಿಸದೆ ಬೆನ್ನಿನ ಹೊಲಿಗೆ ನೋಡುತ್ತಿದ್ದಳು: ಎಲ್ಲೂ ಎಳೆದಿರಲಿಲ್ಲ. ಅವಳಿಗೆ ಹಿಂದೆಂದೂ ಆಗದಷ್ಟು ಹೆಮ್ಮೆಯಾಯಿತು. ಮುಚ್ಚಿಡಲೂ ಹೋಗಲಿಲ್ಲ.

ಅವತ್ತು ಕಂಡಕ್ಟರ್ ಆಟೋ ಹತ್ತಲು ಒಪ್ಪಲಿಲ್ಲ. ಬಸ್ಸೇ ಆಗಬೇಕು. ಅತ್ತೆ ಸೊಸೆ ಇಬ್ಬರೂ ಅಂಗಡಿ ಬಾಗಿಲಿಗೆ ಬಂದು ನೋಡುತ್ತ ನಿಂತರು. ಬೀದಿ ತುದಿಯ ನಿಲ್ದಾಣದಲ್ಲಿ ಬಸ್ಸು ನಿಂತಿತು. ನೀಲಿ ಅಂಗಿಯ ಮನುಷ್ಯ ಎಡಗೈಯಿಂದ ಕಂಬಿ ಹಿಡಿದು ಹತ್ತಿದರು, ಹಿಂದೆ ಹೆಂಡತಿ. ಹತ್ತಿದವರೇ ಎಲ್ಲರಿಗೂ ಕೇಳುವ ಹಾಗೆ "ರೈಟ್!" ಎಂದರು. ಡ್ರೈವರ್ ಹಿಂದೆ ಮುಂದೆ ನೋಡದೆ ಬಸ್ಸು ಬಿಟ್ಟೇಬಿಟ್ಟ. ಆ ಬಸ್ಸಿನ ನಿಜವಾದ ಕಂಡಕ್ಟರ್ ಇನ್ನೂ ಕೆಳಗೇ ನಿಂತು ಚಹಾ ಕುಡಿಯುತ್ತಿದ್ದ! ಲೋಟ ಎಸೆದು ಅವನು ಓಡಿದ ಓಟವನ್ನು ಗೀಚಕ್ಕ ಆಮೇಲೆ ಇಡೀ ಒಂದು ಪುಟದ ತುಂಬ ಬರೆದಳು. ಆ ಪುಟ ಕೇಳಿ ಬರುವವರು ಇವತ್ತಿಗೂ ಇದ್ದಾರೆ.

ಸುದ್ದಿಗೆ ಕಾಲು ಬೇಕಾಗಿಲ್ಲ. ಪಾರ್ಶ್ವವಾಯು ಆದವರಿಗೆ ವ್ಯಾಯಾಮ ಮಾಡಿಸುವ ಆಸ್ಪತ್ರೆಯ ವಿಭಾಗಕ್ಕೆ ಕಂಡಕ್ಟರ್ ಆ ಅಂಗಿಯಲ್ಲೇ ಹೋದರು. ಅಲ್ಲಿ ವ್ಯಾಯಾಮ ಕಲಿಸುವಾಕೆ ಅಂಗಿಯನ್ನು ಒಳಗೆ ಹೊರಗೆ ತಿರುವಿ ನೋಡಿ, ನೇರವಾಗಿ ಅಂಗಡಿ ಹುಡುಕಿಕೊಂಡು ಬಂದಳು. "ನಮ್ಮಲ್ಲಿ ಬರೋರಿಗೆ ಇಂಥದ್ದು ಹತ್ತಾರು ಕಷ್ಟ. ವಾರಕ್ಕೊಂದು ಮಧ್ಯಾಹ್ನ ಬರ್ತೀರಾ?" ಎಂದು ಕೇಳಿದಳು. ಸೊಸೆ ಅತ್ತೆಯ ಮುಖ ನೋಡಿದಳು. "ನನ್ನೇನು ನೋಡ್ತೀಯ? ನಾನೂ ಬರ್ತೀನಿ" ಎಂದಳು ಅತ್ತೆ.

ಹಾಗೆ ಶುರುವಾದದ್ದು ಇಂದಿಗೂ ನಡೆದಿದೆ. ಉದ್ದನೆಯ ಬೆಳಕಿನ ಕೋಣೆ, ಗೋಡೆಯುದ್ದಕ್ಕೂ ಹಿಡಿದು ನಡೆಯುವ ಕಂಬಿಗಳು, ಕಿಟಕಿ ಪಕ್ಕದಲ್ಲಿ ಒಂದು ಮೇಜು. ಮೇಜಿನ ಮೇಲೆ ಗಂಡ ಹೊಲಿದುಕೊಟ್ಟ ಪುಸ್ತಕಗಳು, ಹಿಡಿಯಲು ಸುಲಭವಾಗಲೆಂದು ಬಟ್ಟೆ ಸುತ್ತಿ ದಪ್ಪ ಮಾಡಿದ ಪೆನ್ಸಿಲ್‌ಗಳು. ಮಾತು ಇರುವವರು ಮಾತಾಡುತ್ತಾರೆ, ಇಲ್ಲದವರು ಬರೆಯುತ್ತಾರೆ, ಇರುವವರೂ ಬರೆಯುತ್ತಾರೆ. ಗೀಚಕ್ಕ ಯಾರಿಗೂ "ಚೆನ್ನಾಗಿ ಬರೀರಿ" ಎನ್ನುವುದಿಲ್ಲ. "ಎಲ್ಲಿ ಸಿಕ್ಕಿಕೊಳ್ಳುತ್ತೆ, ಅಲ್ಲೊಂದು ಕಾಟು ಹಾಕಿ ಸಾಕು" ಎನ್ನುತ್ತಾಳೆ. ಅತ್ತೆಗೆ ಈಗ ವಯಸ್ಸಾಗಿದೆ, ನಾಲಿಗೆಗೆ ಆಗಿಲ್ಲ. ಬಂದವರ ಚಿತ್ರಗಳನ್ನೆಲ್ಲ ತಿರುವಿಹಾಕಿ, "ಇದ್ಯಾಕೆ ಇಲ್ಲಿ ಎರಡು ಕೈ?" ಎಂದು ತಪ್ಪು ಹಿಡಿಯುವುದೇ ಅವಳ ಕೆಲಸ. ಆ ಕೆಲಸದಲ್ಲಿ ಅವಳನ್ನು ಮೀರಿಸಿದವರಿಲ್ಲ.

ಹೋದ ತಿಂಗಳು ಅಲ್ಲಿಗೆ ಒಬ್ಬ ಅಡುಗೆಯಾಕೆ ಬಂದಿದ್ದಳು. ದೊಡ್ಡ ಹಾಸ್ಟೆಲ್ಲೊಂದರಲ್ಲಿ ನೂರಾರು ಮಕ್ಕಳಿಗೆ ಬೇಯಿಸಿ ಹಾಕುತ್ತಿದ್ದವಳು. ಎಡಗೈ ಹೋಗಿತ್ತು, ಕೆಲಸಕ್ಕೆ ವಾಪಸು ಹೋಗಬೇಕೆಂಬ ಹಟ ಹೋಗಿರಲಿಲ್ಲ. ಅವಳಿಗೆ ಬೇಕಾದದ್ದು ಮುಂದೆ ಕಟ್ಟಿಕೊಳ್ಳುವ ಏಪ್ರನ್. ಗೀಚಕ್ಕ ಒಂದು ಬರೆದಳು, ಎರಡು ಬರೆದಳು. ಅಡುಗೆಯಾಕೆ ಎರಡಕ್ಕೂ ಬೇಡವೆಂದು ತಲೆಯಾಡಿಸಿ ಪೆನ್ಸಿಲ್ ಇಸಿದುಕೊಂಡಳು.

"ನೀವು ಕಟ್ಟೋದನ್ನೇ ಯೋಚಿಸ್ತಿದೀರ. ಕಟ್ಟೋದೇ ಬೇಡ. ದೋಣಿ ಥರ ಬಾಗಿರೋ ಒಂದು ಪಟ್ಟಿ ಮಾಡಿ, ಸೊಂಟಕ್ಕೆ ತಾನೇ ಕಚ್ಚಿಕೊಳ್ಳೋ ಹಾಗೆ. ಹೀಗೆ." ಅವಳು ಬರೆದ ಗೆರೆ ನಡುಗುತ್ತಿತ್ತು, ಯೋಚನೆ ನಡುಗುತ್ತಿರಲಿಲ್ಲ. "ಒಳಗೊಂದು ಬಾಗೋ ಪಟ್ಟಿ ಇಡಿ, ತಲೆಗೆ ಹಾಕ್ಕೊಳ್ಳೋ ಹೇರ್‌ಬ್ಯಾಂಡ್ ಥರದ್ದು."

ಗೀಚಕ್ಕ ಆ ಚಿತ್ರವನ್ನು ತಿದ್ದಲಿಲ್ಲ. ಗೆರೆ ಎಲ್ಲಿತ್ತೋ ಅಲ್ಲೇ ಕತ್ತರಿಸಿ, ಹೇಳಿದ ಹಾಗೇ ಹೊಲಿದುಕೊಂಡು ಮುಂದಿನ ವಾರ ತಂದಳು. ಅಡುಗೆಯಾಕೆ ಅದನ್ನು ಬಲಗೈಯಲ್ಲಿ ಎತ್ತಿ ಸೊಂಟಕ್ಕೆ ಒತ್ತಿದಳು. ಬಿಲ್ಲಿನ ಹಾಗೆ ಬಾಗಿದ್ದ ಪಟ್ಟಿ ಎರಡೂ ಕಡೆಯಿಂದ ಬಂದು ಗಪ್ಪನೆ ಕೂತಿತು. ಅವಳು ಒಂದು ಸುತ್ತು ತಿರುಗಿದಳು. ಬಗ್ಗಿದಳು. ಕುಣಿದೂ ನೋಡಿದಳು. ಬೀಳಲಿಲ್ಲ.

"ಇದು ನಾನೇ ಬರೆದದ್ದು!" ಎಂದು ಅವಳು ಕಂಬಿ ಹಿಡಿದು ನಡೆಯುತ್ತಿದ್ದವನಿಗೆ ಹೇಳಿದಳು. ಬಾಗಿಲಲ್ಲಿ ನಿಂತಿದ್ದ ಆಯಾಳಿಗೂ ಹೇಳಿದಳು. ಆಮೇಲೆ ಕೋಣೆಯಿಂದ ಹೊರಬಿದ್ದು, ಕಾರಿಡಾರಿನ ಬೆಂಚುಗಳ ಮೇಲೆ ಕೂತಿದ್ದ, ಮುಖ ಪರಿಚಯವೂ ಇಲ್ಲದ ಜನರಿಗೆಲ್ಲ ಏಪ್ರನ್ ತೋರಿಸುತ್ತ ಹೇಳಿಕೊಂಡು ಹೊರಟಳು. ಅವಳ ಕೈಚೀಲ ಮೇಜಿನ ಮೇಲೆಯೇ ಉಳಿದಿತ್ತು. ಗೀಚಕ್ಕ ಅದನ್ನು ಹೆಗಲಿಗೆ ಹಾಕಿಕೊಂಡು, ಅವಳ ಹಿಂದೆ ಹಿಂದೆ, ತಾನೇ ಹೆತ್ತ ಮಗಳು ಬಹುಮಾನ ಗೆದ್ದಂತೆ ಬೀಗುತ್ತ ನಡೆದಳು.